ಪುದೀನ, ಜೀರಿಗೆ ಮತ್ತು ಕರುಣೆ

ಸಂತ ಮತ್ತಾಯನ ಶುಭಸಂದೇಶದ 23ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ನಮ್ಮ ಅಡುಗೆಮನೆಗೆ ಚಿರಪರಿಚಿತವಾದ ಮೂರು ವಸ್ತುಗಳನ್ನು ಹೆಸರಿಸುತ್ತಾರೆ: ಪುದೀನ, ಸಬ್ಬಸಿಗೆ, ಜೀರಿಗೆ. ಹಿತ್ತಲಲ್ಲಿ ಬೆಳೆದ ಈ ಸಣ್ಣಪುಟ್ಟ ಸೊಪ್ಪು, ಕಾಳುಗಳಲ್ಲೂ ಹತ್ತರಲ್ಲೊಂದು ಪಾಲನ್ನು ಎಣಿಸಿ ಸಲ್ಲಿಸುತ್ತಿದ್ದ ಫರಿಸಾಯರು ಧರ್ಮಶಾಸ್ತ್ರದ ತಿರುಳಾದ ನ್ಯಾಯ, ಕರುಣೆ, ನಂಬಿಕೆಗಳನ್ನು ಕಡೆಗಣಿಸಿದ್ದರೆಂಬುದು ಸ್ವಾಮಿಯ ಆಕ್ಷೇಪ. ಈ ಮಾತನ್ನು ಕೇಳಿದಾಗ ನಮ್ಮ ಮನಸ್ಸು ಸಹಜವಾಗಿಯೇ ಪುದೀನವನ್ನು ಒಂದು ಕಡೆಗೂ ಕರುಣೆಯನ್ನು ಇನ್ನೊಂದು ಕಡೆಗೂ ಇರಿಸಿಬಿಡುತ್ತದೆ. ಆದರೆ ಸ್ವಾಮಿ ಪುದೀನವನ್ನು ಕಿತ್ತೆಸೆಯಲು ಹೇಳಲಿಲ್ಲ. ಅದನ್ನು ಬಿಡದೆಯೇ ಇದನ್ನೂ ಮಾಡಬೇಕಾಗಿತ್ತು ಎಂದರು.

ಧರ್ಮಸಭೆಯ ಇತಿಹಾಸದಲ್ಲಿ ಪುದೀನವೂ ಕರುಣೆಯೂ ಒಂದೇ ಪಾತಿಯಲ್ಲಿ ಬೆಳೆದ ಒಂದು ತಾಣವಿದೆ. ಅದು ಸನ್ಯಾಸಿ ಮಠಗಳ ಮೂಲಿಕೆ ತೋಟ. ಇಂದು ಅನೇಕ ಮನೆಗಳಲ್ಲಿ ಕುಂಡಗಳಲ್ಲಿ ಪುದೀನ, ತುಳಸಿ, ಮಜ್ಜಿಗೆ ಹುಲ್ಲು ಬೆಳೆಸಿ, ಒಣಗಿಸಿ, ಬಿಸಿನೀರಿಗೆ ಹಾಕಿ ಕುಡಿಯುವ ಅಭ್ಯಾಸ ಹೆಚ್ಚುತ್ತಿದೆ. ಅಂಗಡಿಗಳಲ್ಲಿ ಅದಕ್ಕೆ ‘ಹರ್ಬಲ್ ಟೀ’ ಎಂಬ ಹೆಸರೂ ಅಂದವಾದ ಡಬ್ಬಿಯೂ ದೊರೆತಿವೆ. ನಮ್ಮ ಅಜ್ಜಿಯರು ಅದನ್ನು ಕಷಾಯ ಎಂದು ಕರೆಯುತ್ತಿದ್ದರು. ಈ ಚಿಕ್ಕ ಅಭ್ಯಾಸಕ್ಕೆ ಕ್ರೈಸ್ತ ಪಶ್ಚಿಮದಲ್ಲಿ ಇದ್ದ ಇತಿಹಾಸವನ್ನು ಈ ತಿಂಗಳು ನಿಮ್ಮೊಡನೆ ಮೆಲುಕು ಹಾಕಬಯಸುತ್ತೇನೆ. ಅದನ್ನು ತಿಳಿದ ಮೇಲೆ ನಮ್ಮ ಕುಂಡದ ಗಿಡವನ್ನು ನಾವು ಬೇರೊಂದು ಕಣ್ಣಿನಿಂದ ನೋಡಬಹುದು.

ಮೊದಲು ಒಂದು ಪದದ ವಿಚಾರ. ಚೀನಾದ ಚಹಾ ಎಲೆ ಯುರೋಪಿಗೆ ತಲುಪಿದ್ದು 17ನೆಯ ಶತಮಾನದಲ್ಲಿ. ಅದಕ್ಕೂ ಮೊದಲು ಅಲ್ಲಿಯ ಜನರು ಎಲೆ, ಹೂವು, ಬೀಜಗಳನ್ನು ನೀರಿನಲ್ಲಿ ನೆನೆಸಿ ಅಥವಾ ಕುದಿಸಿ ಕುಡಿಯುತ್ತಿದ್ದರು. ಇಂಥ ಪೇಯಕ್ಕೆ ಫ್ರೆಂಚರು ‘ಟಿಸಾನ್’ ಎನ್ನುತ್ತಾರೆ. ಅದರ ಮೂಲ ‘ಪ್ಟಿಸಾನೆ’ ಎಂಬ ಗ್ರೀಕ್ ಪದ. ಅದರ ಅರ್ಥ ಕುಟ್ಟಿದ ಜವೆಗೋಧಿಯನ್ನು ಬೇಯಿಸಿ ತಯಾರಿಸಿದ ಗಂಜಿ. ಪ್ರಾಚೀನ ಗ್ರೀಕ್ ವೈದ್ಯರು ಜ್ವರ ಬಂದವರಿಗೆ ಕೊಡುತ್ತಿದ್ದ ಪಥ್ಯವದು. ನಮ್ಮಲ್ಲಿ ಜ್ವರ ಬಂದವರಿಗೆ ಗಂಜಿತಿಳಿ ಕೊಡುವಂತೆ. ಹೀಗೆ ಪದದ ಬೇರಿನಲ್ಲೇ ಒಬ್ಬ ರೋಗಿ ಮಲಗಿದ್ದಾನೆ. ಈ ಪೇಯ ಹುಟ್ಟಿದ್ದು ಹಾಸಿಗೆ ಹಿಡಿದವನ ಪಕ್ಕದಲ್ಲಿ.

ಮಠದ ತೋಟವೂ ಅದೇ ಹಾಸಿಗೆಯ ಪಕ್ಕದಲ್ಲೇ ಆರಂಭವಾಗುತ್ತದೆ. ಸಂತ ಬೆನೆಡಿಕ್ಟರು ಸುಮಾರು ಕ್ರಿ.ಶ. 529ರಲ್ಲಿ ಇಟಲಿಯ ಮೊಂತೆ ಕಸ್ಸಿನೋ ಬೆಟ್ಟದ ಮೇಲೆ ಮಠವನ್ನು ಸ್ಥಾಪಿಸಿ, ತಮ್ಮ ಸನ್ಯಾಸಿಗಳಿಗಾಗಿ 73 ಅಧ್ಯಾಯಗಳ ನಿಯಮಾವಳಿಯನ್ನು ಬರೆದರು. ಅದರ 36ನೆಯ ಅಧ್ಯಾಯ ರೋಗಿಗಳಿಗೆ ಮೀಸಲು. ರೋಗಿಯ ಆರೈಕೆ ಎಲ್ಲಕ್ಕಿಂತ ಮೊದಲಿನದು, ರೋಗಿಯನ್ನು ಸಾಕ್ಷಾತ್ ಕ್ರಿಸ್ತನೆಂದೇ ತಿಳಿದು ಸೇವಿಸಬೇಕು ಎಂಬುದು ಅಲ್ಲಿಯ ಆದೇಶ. ರೋಗಿಗಳಿಗಾಗಿ ಪ್ರತ್ಯೇಕ ಕೊಠಡಿ ಇರಬೇಕು, ದೇವಭಯವುಳ್ಳ ಒಬ್ಬ ಸೇವಕನಿರಬೇಕು, ಬಲಹೀನರಿಗೆ ಮಾಂಸಾಹಾರವನ್ನೂ ಕೊಡಬಹುದು ಎಂದು ಅವರು ವಿಧಿಸಿದರು. 66ನೆಯ ಅಧ್ಯಾಯದಲ್ಲಿ ನೀರು, ಬೀಸುವ ಗಿರಣಿ, ತೋಟ ಮುಂತಾದ ಅಗತ್ಯಗಳೆಲ್ಲ ಸಾಧ್ಯವಾದಷ್ಟು ಮಠದ ಆವರಣದೊಳಗೇ ಇರಲಿ ಎಂದರು. 31ನೆಯ ಅಧ್ಯಾಯದಲ್ಲಿ ಉಗ್ರಾಣದ ಅಧಿಕಾರಿಗೆ ಇನ್ನೊಂದು ಬುದ್ಧಿವಾದವಿದೆ: ಮಠದ ಪಾತ್ರೆ ಪದಾರ್ಥಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆಯೇ ಕಾಣಬೇಕು. ರೋಗಿಯಲ್ಲಿ ಕ್ರಿಸ್ತ, ಆವರಣದಲ್ಲಿ ತೋಟ, ಪಾತ್ರೆಯಲ್ಲಿ ಪಾವಿತ್ರ್ಯ. ಈ ಮೂರನ್ನು ಜೋಡಿಸಿದರೆ ಮುಂದಿನ ಅನೇಕ ಶತಮಾನಗಳ ಮೂಲಿಕೆ ತೋಟದ ಚಿತ್ರ ನಮಗೆ ಸಿಗುತ್ತದೆ.

ಆದರೆ ದಾರಿ ಅಷ್ಟು ಸುಗಮವಾಗಿರಲಿಲ್ಲ. ರೋಗವು ದೇವರ ಅನುಮತಿಯಿಂದ ಬಂದಿದ್ದರೆ ಅದಕ್ಕೆ ಮದ್ದು ಅರೆಯುವುದು ಅವಿಶ್ವಾಸವಲ್ಲವೇ? ಪ್ರಾರ್ಥನೆ ಸಾಲದೇ? ಹೀಗೆ ಕೇಳುವ ಭಕ್ತರು ಅಂದೂ ಇದ್ದರು, ಇಂದೂ ಇದ್ದಾರೆ. 6ನೆಯ ಶತಮಾನದಲ್ಲಿ ಕಸ್ಸಿಯೊಡೋರಸ್ ಎಂಬವರು ರಾಜರ ಆಸ್ಥಾನದ ಹುದ್ದೆಯನ್ನು ತೊರೆದು, ದಕ್ಷಿಣ ಇಟಲಿಯಲ್ಲಿ ವಿವಾರಿಯಮ್ ಎಂಬ ಮಠವನ್ನು ಕಟ್ಟಿದರು. ಅಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಸಹೋದರರಿಗೆ ಅವರು ಗಿಡಮೂಲಿಕೆಗಳ ಗುಣಗಳನ್ನು ಕಲಿಯುವಂತೆ, ಅದಕ್ಕಾಗಿ ಡಯಾಸ್ಕೊರೈಡಿಸ್ ಮೊದಲಾದ ಗ್ರೀಕ್ ವೈದ್ಯರ ಗ್ರಂಥಗಳನ್ನು ಓದುವಂತೆ ತಿಳಿಸಿದರು. ಜೊತೆಗೇ ಭರವಸೆಯನ್ನು ಮೂಲಿಕೆಯ ಮೇಲಿಡದೆ ಪ್ರಭುವಿನ ಮೇಲಿಡಬೇಕೆಂದೂ ಎಚ್ಚರಿಸಿದರು. ಎರಡು ಶತಮಾನಗಳ ಬಳಿಕ ಜರ್ಮನಿಯ ಲಾರ್ಶ್ ಮಠದಲ್ಲಿ ರಚಿತವಾದ ಔಷಧ ಗ್ರಂಥವು ವೈದ್ಯವಿದ್ಯೆಯ ಸಮರ್ಥನೆಯಿಂದಲೇ ಆರಂಭವಾಗುತ್ತದೆ. ಮದ್ದನ್ನು ಬಳಸುವುದು ಕ್ರೈಸ್ತನಿಗೆ ತಕ್ಕುದಲ್ಲವೆಂಬ ಆಕ್ಷೇಪಕ್ಕೆ ಅದು ಉತ್ತರ ಕೊಡುತ್ತದೆ. ಈ ಹಸ್ತಪ್ರತಿ ಇಂದು ಬಾಂಬೆರ್ಗ್ ನಗರದ ಗ್ರಂಥಾಲಯದಲ್ಲಿದ್ದು, 2013ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು. ಇಂಥ ಸಮರ್ಥನೆಗೆ ಆಧಾರ ಪವಿತ್ರ ಗ್ರಂಥದಲ್ಲೇ ಇತ್ತು. ಮದ್ದುಗಳನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ, ವಿವೇಕಿಯು ಅವನ್ನು ಹಳಿಯುವುದಿಲ್ಲ ಎಂಬುದು ಸಿರಾಖನ ಗ್ರಂಥದ 38ನೆಯ ಅಧ್ಯಾಯದ ಬೋಧನೆ. ಪ್ರಾರ್ಥನೆಯೂ ಬೇಕು, ವೈದ್ಯನೂ ಬೇಕು ಎಂದು ಅದೇ ಅಧ್ಯಾಯ ಮುಂದುವರಿಯುತ್ತದೆ.

ಕಸ್ಸಿಯೊಡೋರಸ್ ಶಿಫಾರಸು ಮಾಡಿದ ಡಯಾಸ್ಕೊರೈಡಿಸ್ ಕ್ರಿ.ಶ. ಮೊದಲ ಶತಮಾನದ ಗ್ರೀಕ್ ವೈದ್ಯ. ಸಂತ ಪೌಲನ ತಾರ್ಸ ಪಟ್ಟಣವಿದ್ದ ಕಿಲಿಕ್ಯ ಸೀಮೆಯೇ ಇವನದೂ. ಸುಮಾರು 600 ಸಸ್ಯಗಳನ್ನು ವಿವರಿಸುವ ಇವನ ಐದು ಸಂಪುಟಗಳ ಗ್ರಂಥ ಒಂದೂವರೆ ಸಾವಿರ ವರ್ಷಗಳ ಕಾಲ ವೈದ್ಯರ ಕೈಪಿಡಿಯಾಗಿತ್ತು. ಅದರ ಮುನ್ನುಡಿಯಲ್ಲೇ ಮೂಲಿಕೆಯನ್ನು ಕೊಯ್ಯುವ, ಒಣಗಿಸುವ, ಕಾಪಿಡುವ ಕ್ರಮ ಬರುತ್ತದೆ. ಹವೆ ತಿಳಿಯಾಗಿರುವಾಗ ಕೊಯ್ಯಬೇಕು, ಮಳೆಯಲ್ಲಿ ಕೊಯ್ದದ್ದು ಸತ್ವಹೀನ. ಗಿಡ ಬೆಳೆದ ನೆಲ ಎತ್ತರದ್ದೋ ತಗ್ಗಿನದೋ, ಗಾಳಿಯಾಡುವುದೋ ಇಲ್ಲವೋ ಎಂಬುದರಿಂದಲೂ ಅದರ ಗುಣ ಬದಲಾಗುತ್ತದೆ. ಹೂವುಗಳನ್ನೂ ಸುಗಂಧದ ಪದಾರ್ಥಗಳನ್ನೂ ತೇವವಿಲ್ಲದ ಮರದ ಪೆಟ್ಟಿಗೆಗಳಲ್ಲಿಡಬೇಕು, ದ್ರವ ಔಷಧಗಳಿಗೆ ಬೆಳ್ಳಿ, ಗಾಜು ಅಥವಾ ಕೊಂಬಿನ ಪಾತ್ರೆಗಳು ಒಳ್ಳೆಯವು. ಸಾವಿರದ ಒಂಬೈನೂರು ವರ್ಷಗಳ ಹಿಂದಿನ ಈ ಮಾತುಗಳಲ್ಲಿ ನಮ್ಮ ಮನೆಗಳಲ್ಲಿ ಇಂದಿಗೂ ನಡೆಯದ್ದು ಯಾವುದಿದೆ ಹೇಳಿ?

ಈ ಬೋಧನೆಗಳೆಲ್ಲ ಕೂಡಿ ನೆಲದ ಮೇಲೆ ಹೇಗೆ ರೂಪ ತಾಳಬೇಕೆಂದು ಆ ಕಾಲದವರು ಬಯಸಿದ್ದರು ಎಂಬುದನ್ನು ನೋಡಲು ನಮಗೆ ಒಂದು ಅಪೂರ್ವ ದಾಖಲೆಯುಂಟು. ಸ್ವಿಟ್ಜರ್ಲೆಂಡಿನ ಸಂತ ಗಾಲ್ ಮಠದ ಗ್ರಂಥಾಲಯದಲ್ಲಿ 9ನೆಯ ಶತಮಾನದ ಆದಿಭಾಗದ ಒಂದು ನಕ್ಷೆಯಿದೆ. ಐದು ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ ಇದರ ಅಳತೆ ಸುಮಾರು 112 ಸೆಂಟಿಮೀಟರ್ ಉದ್ದ, 77 ಸೆಂಟಿಮೀಟರ್ ಅಗಲ. ಜರ್ಮನಿಯ ರೈಖೆನಾವ್ ದ್ವೀಪದ ಮಠದಲ್ಲಿ ಬರೆಸಿ, ಸಂತ ಗಾಲ್ ಮಠಾಧಿಪತಿ ಗೋಜ್ಬೆರ್ಟರಿಗೆ ಕಳುಹಿಸಲಾದ ಆದರ್ಶ ಮಠವೊಂದರ ನಕ್ಷೆಯಿದು. ದೇವಾಲಯ, ಶಾಲೆ, ಅಡುಗೆಮನೆ, ಯಾತ್ರಿಕರ ಛತ್ರ, ಕೋಳಿಗೂಡುಗಳವರೆಗೆ ಎಲ್ಲವನ್ನೂ ಅದರಲ್ಲಿ ಗುರುತಿಸಲಾಗಿದೆ. ಈಶಾನ್ಯ ಮೂಲೆಯಲ್ಲಿ ವೈದ್ಯನ ಮನೆ. ಅದರಲ್ಲಿ ತೀವ್ರ ರೋಗಿಗಳಿಗೊಂದು ಕೋಣೆ, ಔಷಧಗಳಿಗೊಂದು ಕೋಣೆ. ಆ ಮನೆಯ ಮಗ್ಗುಲಲ್ಲೇ 16 ಪಾತಿಗಳ ಮೂಲಿಕೆ ತೋಟ. ಪ್ರತಿಯೊಂದು ಪಾತಿಯಲ್ಲೂ ಒಂದೊಂದು ಗಿಡದ ಹೆಸರನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಯಲಾಗಿದೆ.

ಆ ಹೆಸರುಗಳಲ್ಲಿ ಲಿಲ್ಲಿ, ಗುಲಾಬಿ, ರೋಸ್‌ಮೇರಿ, ಸೇಜ್ ಮುಂತಾದವು ಇವೆ. ಅವುಗಳ ನಡುವೆ ಪುದೀನ, ಜೀರಿಗೆ, ಮೆಂತ್ಯ, ಸೋಂಪು ಇವೆ. ನಮ್ಮ ಸಾಂಬಾರ ಡಬ್ಬಿಯ ಅರ್ಧ ಭಾಗ ಆಲ್ಪ್ಸ್ ಪರ್ವತದ ತಪ್ಪಲಿನ ಮಠದಲ್ಲಿ ಔಷಧವಾಗಿ ನಿಂತಿದೆ! ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಡುಗೆಗೆ ಬೇಕಾದ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಸಬ್ಬಸಿಗೆಗಳಿಗೆ ನಕ್ಷೆಯಲ್ಲಿ 18 ಪಾತಿಗಳ ಬೇರೆಯೇ ತೋಟವಿದೆ. ಮೂಲಿಕೆ ತೋಟ ಅದರೊಡನೆ ಬೆರೆತಿಲ್ಲ. ಅದು ರೋಗಿಯ ಕಿಟಕಿಯ ಪಕ್ಕದಲ್ಲಿದೆ. ರಾತ್ರಿ ಕೆಮ್ಮು ಹೆಚ್ಚಾದರೆ ಸೇವಕ ಸಹೋದರ ನಾಲ್ಕು ಹೆಜ್ಜೆ ನಡೆದು ಎಲೆ ಕೊಯ್ಯಬಹುದು. ತೋಟದ ಸ್ಥಳವನ್ನು ನಿರ್ಧರಿಸಿದ್ದು ಮಣ್ಣಿನ ಗುಣವಾಗಲಿ ನೋಟದ ಅಂದವಾಗಲಿ ಅಲ್ಲ, ರೋಗಿಯ ಹಾಸಿಗೆ. ಈ ನಕ್ಷೆ ಉಳಿದ ಬಗೆಯೂ ಸ್ವಾರಸ್ಯಕರ. 12ನೆಯ ಶತಮಾನದ ಕೊನೆಯಲ್ಲಿ ಸನ್ಯಾಸಿಯೊಬ್ಬರು ಬರೆಯಲು ಚರ್ಮ ಬೇಕಾಗಿ, ಇದರ ಖಾಲಿ ಬೆನ್ನಿನ ಮೇಲೆ ಸಂತ ಮಾರ್ಟಿನರ ಜೀವನ ಚರಿತ್ರೆಯನ್ನು ಬರೆದು ಪುಸ್ತಕದಂತೆ ಮಡಿಚಿಟ್ಟರು. ಸಂತರ ಚರಿತ್ರೆಯೆಂದು ಅದು ಗ್ರಂಥಾಲಯದಲ್ಲಿ ಸುರಕ್ಷಿತವಾಗಿ ಉಳಿಯಿತು.

ನಕ್ಷೆ ಹುಟ್ಟಿದ ರೈಖೆನಾವ್ ದ್ವೀಪದಲ್ಲೇ ಅದೇ ಕಾಲಕ್ಕೆ ಒಬ್ಬ ಸನ್ಯಾಸಿ ಕೈಯಲ್ಲಿ ಗುದ್ದಲಿ ಹಿಡಿದು ನಿಂತಿದ್ದರು. ಅವರ ಹೆಸರು ವಾಲಾಫ್ರಿಡ್. ಕಣ್ಣು ಮೆಳ್ಳೆಯಾದುದರಿಂದ ‘ಸ್ಟ್ರಾಬೊ’ ಎಂಬ ಅಡ್ಡಹೆಸರು. ಸುಮಾರು 808ರಲ್ಲಿ ಹುಟ್ಟಿ, ರಾಜಕುಮಾರನಿಗೆ ಗುರುವಾಗಿ, 838ರಲ್ಲಿ ರೈಖೆನಾವ್ ಮಠಾಧಿಪತಿಯಾದ ಇವರು ಪಂಡಿತರು, ಕವಿಗಳು. 849ರಲ್ಲಿ ಫ್ರಾನ್ಸಿನ ಲ್ವಾರ್ ನದಿಯನ್ನು ದಾಟುವಾಗ ನೀರುಪಾಲಾದರು. ತೋಟಗಾರಿಕೆಯ ಕುರಿತು ಇವರು ಲ್ಯಾಟಿನ್ ಭಾಷೆಯಲ್ಲಿ ಬರೆದ 444 ಸಾಲುಗಳ ಕಾವ್ಯ ‘ಹೊರ್ತುಲುಸ್’, ಅಂದರೆ ‘ಚಿಕ್ಕ ತೋಟ’, ಇಂದಿಗೂ ಉಳಿದಿದೆ. ಚಳಿಗಾಲ ಮುಗಿಯುತ್ತಲೇ ತಮ್ಮ ಬಾಗಿಲ ಮುಂದಿನ ನೆಲವನ್ನೆಲ್ಲ ತುರಿಕೆ ಗಿಡ ಆವರಿಸಿದ್ದು, ಅದನ್ನು ಬೇರುಸಹಿತ ಕಿತ್ತದ್ದು, ಹೆಗ್ಗಣದಂತೆ ನೆಲ ಕೊರೆಯುವ ಪ್ರಾಣಿಯ ಬಿಲಗಳನ್ನು ಮುಚ್ಚಿದ್ದು, ಗೊಬ್ಬರ ಹೊತ್ತದ್ದು, ಎಳೆಯ ಸಸಿಗಳಿಗೆ ಪೆಟ್ಟಾಗದಿರಲೆಂದು ಬೊಗಸೆಯಲ್ಲಿ ನೀರು ಹನಿಸಿದ್ದು, ಇವನ್ನೆಲ್ಲ ಅವರು ವರ್ಣಿಸುತ್ತಾರೆ. ಪುಸ್ತಕ ಓದಿ ಬರೆದದ್ದಷ್ಟೇ ಅಲ್ಲ, ಕೈ ಕೆಸರು ಮಾಡಿಕೊಂಡು ತಿಳಿದದ್ದು ಇದು ಎಂದು ಅವರೇ ಹೇಳಿಕೊಳ್ಳುತ್ತಾರೆ.

ಆ ಕಾವ್ಯದಲ್ಲಿ ಎರಡು ಡಜನ್‌ನಷ್ಟು ಗಿಡಗಳು ಬರುತ್ತವೆ. ಮೊದಲ ಸ್ಥಾನ ಸೇಜ್ ಗಿಡಕ್ಕೆ. ಅದರ ಲ್ಯಾಟಿನ್ ಹೆಸರಾದ ‘ಸಾಲ್ವಿಯ’ ಎಂಬುದಕ್ಕೇ ಆರೋಗ್ಯ, ಸುರಕ್ಷೆ ಎಂಬರ್ಥದ ಮೂಲವಿದೆ. ಪುದೀನದ ಒಂದು ಬಗೆಯ ರಸ ಗಂಟಲು ಕಟ್ಟಿದವರಿಗೆ ಮತ್ತೆ ತಿಳಿಯಾದ ಧ್ವನಿ ಕೊಡುತ್ತದೆಂದು ಅವರು ಬರೆಯುತ್ತಾರೆ. ದಿನಕ್ಕೆ ಏಳೆಂಟು ಬಾರಿ, ನಡುರಾತ್ರಿಯ ಚಳಿಯಲ್ಲೂ ಕೀರ್ತನೆಗಳನ್ನು ಹಾಡಬೇಕಿದ್ದ ಸನ್ಯಾಸಿಗಳಿಗೆ ಅದು ಎಷ್ಟು ಅಗತ್ಯದ ಮದ್ದಾಗಿತ್ತೆಂದು ಊಹಿಸಿ.

ಇದೇ ಕಾವ್ಯದಲ್ಲಿ ನಮ್ಮ ದೇಶದ ಪ್ರಸ್ತಾಪವೂ ಇದೆ. ಪೆನ್ನಿರಾಯಲ್ ಎಂಬುದು ಪುದೀನದ ಜಾತಿಗೆ ಸೇರಿದ ಒಂದು ಸಾಮಾನ್ಯ ಗಿಡ. ಇಂಡಿಯಾದ ಕರಿಮೆಣಸು ಗಾಲ್ ನಾಡಿನವರಿಗೆ ಎಷ್ಟು ಬೆಲೆಯುಳ್ಳದ್ದೋ, ಈ ಗಿಡ ಇಂಡಿಯಾದವರಿಗೆ ಅಷ್ಟೇ ಬೆಲೆಯುಳ್ಳದ್ದಂತೆ ಎಂದು ವಾಲಾಫ್ರಿಡ್ ಕೇಳಿದ ಮಾತನ್ನು ದಾಖಲಿಸುತ್ತಾರೆ. ನಮ್ಮ ಪಶ್ಚಿಮ ಘಟ್ಟಗಳ ಮೆಣಸು ಸಮುದ್ರ ಮರುಭೂಮಿಗಳನ್ನು ದಾಟಿ ಅಲ್ಲಿಗೆ ತಲುಪುವಾಗ ಶ್ರೀಮಂತರ ವಸ್ತುವಾಗಿರುತ್ತಿತ್ತು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮಲ್ಲಿರುವಂತೆ ಅವರಲ್ಲೂ ಆ ಭಾವನೆ ಇದ್ದಿರಬೇಕು. ನಿನ್ನ ಬಾಗಿಲ ಬಳಿ ಬೆಳೆಯುವುದನ್ನು ತಾತ್ಸಾರ ಮಾಡಬೇಡ, ದೂರದವನಿಗೆ ಅದೇ ಸಿರಿ ಎಂಬುದು ವಾಲಾಫ್ರಿಡರ ಮಾತಿನ ಧ್ವನಿ. ಲಾರ್ಶ್ ಮಠದ ಗ್ರಂಥದಲ್ಲೂ ಇದೇ ಕಾಳಜಿಯಿದೆ. ದೂರದಿಂದ ಬರುವ ದುಬಾರಿ ಪದಾರ್ಥಗಳ ಬದಲು ನೆಲದಲ್ಲೇ ಬೆಳೆಯುವ ಅಗ್ಗದ ಗಿಡಗಳತ್ತ ಅದು ಓದುಗನ ಗಮನ ಸೆಳೆಯುತ್ತದೆ. ಮದ್ದು ಬಡವನ ಕೈಗೂ ಎಟುಕಬೇಕಾದರೆ ಅದು ಹಿತ್ತಲಲ್ಲಿ ಬೆಳೆಯಬೇಕು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಿಡ ಬಾಗಿಲಲ್ಲೇ ಇರುವಾಗ ಒಣಗಿಸುವುದೇಕೆ? ಯುರೋಪಿನಲ್ಲಿ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಹಸುರೆಲ್ಲ ಮಾಯವಾಗುತ್ತದೆ. ಕೆಮ್ಮು, ನೆಗಡಿ, ಎದೆಯ ರೋಗಗಳು ಹೆಚ್ಚುವುದೂ ಆಗಲೇ. ಎಲೆ ಬೇಕಾದ ಕಾಲ ಬೇರೆ, ಎಲೆ ಸಿಗುವ ಕಾಲ ಬೇರೆ. ಈ ಎರಡು ಕಾಲಗಳ ನಡುವೆ ಒಣಗಿಸುವ ಕೆಲಸವೇ ಸೇತುವೆ. ಹಸಿ ಎಲೆಯ ತೂಕದಲ್ಲಿ ಬಹುಪಾಲು ನೀರು. ಆ ನೀರು ಹೋದರೆ ಬೂಷ್ಟು ಹಿಡಿಯುವುದಿಲ್ಲ, ಎಲೆ ಕೊಳೆಯುವುದಿಲ್ಲ. ಆದರೆ ಎಲೆಯ ಪರಿಮಳಕ್ಕೂ ಗುಣಕ್ಕೂ ಕಾರಣವಾದ ತೈಲ ಬಲು ಹಗುರ. ಬಿರುಬಿಸಿಲಿಗೆ ಅದು ಆವಿಯಾಗುತ್ತದೆ, ಹಸುರೂ ಮಾಸುತ್ತದೆ. ಆದ್ದರಿಂದ ನೀರನ್ನು ಕಳೆದು ತೈಲವನ್ನು ಉಳಿಸುವ ಜಾಣ್ಮೆ ಬೇಕು. ನೆರಳು, ಗಾಳಿ, ತಾಳ್ಮೆ, ಈ ಮೂರೇ ಅದರ ಸಾಧನಗಳು.

ಪ್ರಿಯ ಓದುಗರೇ, ಈ ಕೆಲಸದ ಒಳಗಿರುವ ಭಾವನೆಯನ್ನು ಸ್ವಲ್ಪ ನಿಂತು ನೋಡೋಣ. ಬೇಸಿಗೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗ ಒಬ್ಬ ಸಹೋದರ ಎಲೆ ಕೊಯ್ದು, ಕಟ್ಟು ಕಟ್ಟಿ, ಅಟ್ಟದಲ್ಲಿ ತೂಗುಹಾಕುತ್ತಾನೆ. ಆ ಎಲೆ ಯಾರಿಗಾಗಿ ಎಂಬುದು ಅವನಿಗೆ ಗೊತ್ತಿಲ್ಲ. ಮಾಗಿಯ ನಡುವಿನಲ್ಲಿ ಜ್ವರದಿಂದ ನಡುಗುವವನು ವೃದ್ಧ ಸನ್ಯಾಸಿಯೋ, ಬಾಗಿಲು ತಟ್ಟಿದ ಯಾತ್ರಿಕನೋ, ತಾನೇ ಆಗಿರಬಹುದೋ ಅವನಿಗೆ ತಿಳಿಯದು. ಇನ್ನೂ ಬಾರದ ನೋವಿಗೆ, ಇನ್ನೂ ಮುಖ ಕಾಣದ ರೋಗಿಗೆ ಮುಂಚಿತವಾಗಿ ಸಿದ್ಧವಾಗುವುದು ಕರುಣೆಯ ಒಂದು ವಿಶೇಷ ರೂಪ. ಕಣ್ಣೆದುರು ನರಳುವವನನ್ನು ಕಂಡು ಮರುಗುವುದು ಹೃದಯವುಳ್ಳ ಎಲ್ಲರಿಗೂ ಸಹಜ. ಕಾಣದಿರುವಾಗಲೇ ಅವನಿಗಾಗಿ ಎತ್ತಿಡುವುದಕ್ಕೆ ಅಭ್ಯಾಸ ಬೇಕು, ಶಿಸ್ತು ಬೇಕು.

ಈ ಪರಂಪರೆಗೆ 12ನೆಯ ಶತಮಾನದಲ್ಲಿ ಒಬ್ಬ ಮಹಿಳೆ ಹೊಸ ಜೀವ ಕೊಟ್ಟರು. ಜರ್ಮನಿಯ ಬಿಂಗೆನ್‌ನ ಸಂತ ಹಿಲ್ಡೆಗಾರ್ಡ್ (1098–1179) ಮಠಾಧ್ಯಕ್ಷೆ, ದಾರ್ಶನಿಕೆ, ಸಂಗೀತ ರಚನಕಾರ್ತಿ. ‘ಫಿಸಿಕಾ’ ಎಂಬ ತಮ್ಮ ಗ್ರಂಥದಲ್ಲಿ ಅವರು ನೂರಾರು ಗಿಡಮರಗಳ ಗುಣಗಳನ್ನು ಬರೆದರು. ಅನೇಕ ಗಿಡಗಳಿಗೆ ಲ್ಯಾಟಿನ್ ಬದಲು ಜನರ ಆಡುನುಡಿಯಾದ ಜರ್ಮನ್ ಹೆಸರುಗಳನ್ನೇ ಬಳಸಿದರು. ಪುಸ್ತಕದ ವಿದ್ಯೆಯ ಜೊತೆಗೆ ಹಳ್ಳಿಯ ಹೆಂಗಸರ ಅನುಭವವೂ ಅಲ್ಲಿ ಸೇರಿದೆಯೆಂದು ಆ ಹೆಸರುಗಳೇ ಸೂಚಿಸುತ್ತವೆ. ಸೃಷ್ಟಿಯೊಳಗೆ ಹರಿಯುವ ದೇವರ ಜೀವಶಕ್ತಿಗೆ ಅವರು ‘ವಿರಿದಿತಾಸ್’, ಅಂದರೆ ‘ಹಸುರುತನ’ ಎಂದರು. ಜಗದ್ಗುರು 16ನೆಯ ಬೆನೆಡಿಕ್ಟರು 2012ರ ಅಕ್ಟೋಬರ್ 7ರಂದು ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು.

ಇತಿಹಾಸವೆಂದರೆ ಹೊಗಳಿಕೆಯಷ್ಟೇ ಆಗಬಾರದು. ಮದ್ದು ಗೊತ್ತಿದ್ದ ಕಡೆ ಹಣದ ಆಸೆಯೂ ಹುಟ್ಟಿತು. ಕೆಲವು ಸನ್ಯಾಸಿಗಳು ಕೀರ್ತನೆ, ಪ್ರಾರ್ಥನೆಗಳನ್ನು ಬಿಟ್ಟು ಲಾಭಕ್ಕಾಗಿ ವೈದ್ಯರಾಗಿ ತಿರುಗತೊಡಗಿದರು. 1139ರ ಎರಡನೆಯ ಲ್ಯಾಟೆರನ್ ಮಹಾಸಭೆಯು ಸನ್ಯಾಸಿಗಳು ಲೌಕಿಕ ಲಾಭಕ್ಕಾಗಿ ವೈದ್ಯವಿದ್ಯೆಯನ್ನು ಕಲಿಯುವುದನ್ನು ನಿಷೇಧಿಸಿತು. ಧರ್ಮಸಭೆ ಮದ್ದಿಗೆ ವಿರೋಧವಾಗಿರಲಿಲ್ಲ; ರೋಗಿಯ ಕಿಟಕಿಯಿಂದ ದೂರ ಸರಿದು ಹಣದ ಪೆಟ್ಟಿಗೆಯ ಕಡೆಗೆ ವಾಲಿದ ತೋಟ ಅದಕ್ಕೆ ಬೇಕಿರಲಿಲ್ಲ. ತಿಳಿವಳಿಕೆಯಲ್ಲೂ ಕೊರತೆಗಳಿದ್ದವು. ವಾಲಾಫ್ರಿಡರು ಹೊಗಳಿದ ಪೆನ್ನಿರಾಯಲ್‌ನ ತೈಲ ಯಕೃತ್ತಿಗೆ ತೀವ್ರ ಹಾನಿ ಮಾಡಬಲ್ಲುದೆಂದು ಇಂದು ನಮಗೆ ತಿಳಿದಿದೆ. ಯುರೋಪಿನ ಮನೆಮದ್ದಿನಲ್ಲಿ ಹೆಸರಾಗಿದ್ದ ಕಂಫ್ರಿ ಎಂಬ ಗಿಡವನ್ನು ಹೊಟ್ಟೆಗೆ ಸೇವಿಸಬಾರದೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ. ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆಗೆ ಇತಿಹಾಸದ ಬೆಂಬಲವಿಲ್ಲ.

ಮುಂದೆ ಈ ವಿದ್ಯೆ ಮಠದ ಗೋಡೆ ದಾಟಿ ಮನೆಗಳಿಗೆ ಬಂತು. ಇಂಗ್ಲೆಂಡಿನಲ್ಲಿ 1536ರಿಂದ 1540ರ ನಡುವೆ ದೊರೆ ಎಂಟನೆಯ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದನು. ಅವುಗಳೊಡನೆ ರೋಗಿಗಳ ಕೊಠಡಿಗಳೂ ತೋಟಗಳೂ ಹಾಳುಬಿದ್ದವು. ಆದರೆ ಗೃಹಿಣಿಯರು ತಮ್ಮ ಮನೆಗಳಲ್ಲಿ ಎಲೆ ಒಣಗಿಸುವುದನ್ನು ಬಿಡಲಿಲ್ಲ. ನಿಕೊಲಸ್ ಕಲ್ಪೆಪರ್ ಎಂಬ ವೈದ್ಯ 1652ರಲ್ಲಿ ಮೂಲಿಕೆಗಳ ಪುಸ್ತಕವನ್ನು ವಿದ್ವಾಂಸರ ಲ್ಯಾಟಿನ್‌ನಲ್ಲಿ ಬರೆಯದೆ ಜನರ ಇಂಗ್ಲಿಷಿನಲ್ಲಿ ಬರೆದು ಅಗ್ಗದ ಬೆಲೆಗೆ ಕೊಟ್ಟನು. ವೈದ್ಯನ ಶುಲ್ಕ ಕೊಡಲಾಗದ ಬಡವರ ಕೈಗೆ ಅದು ತಲುಪಲಿ ಎಂಬುದು ಅವನ ಉದ್ದೇಶವಾಗಿತ್ತು. ಆತ ಕಥೋಲಿಕನಾಗಿರಲಿಲ್ಲ. ಆದರೂ ಲಾರ್ಶ್ ಮಠದ ಸನ್ಯಾಸಿಗಳು ಅವನನ್ನು ತಮ್ಮವನೆಂದೇ ಒಪ್ಪಿಕೊಳ್ಳುತ್ತಿದ್ದರೇನೋ.

ಇದೇ ಶತಮಾನದಲ್ಲಿ ಕಥೆ ನಮ್ಮ ಪಶ್ಚಿಮ ಕರಾವಳಿಗೂ ಬರುತ್ತದೆ. ಕೊಚ್ಚಿಯನ್ನು ಆಳುತ್ತಿದ್ದ ಡಚ್ಚರ ಅಧಿಕಾರಿ ಹೆಂಡ್ರಿಕ್ ವಾನ್ ರೀಡೆ ಈ ನಾಡಿನ ಔಷಧ ಸಸ್ಯಗಳ ಕುರಿತು ಒಂದು ಬೃಹತ್ ಗ್ರಂಥಕ್ಕೆ ಕೈಹಾಕಿದನು. ಅವನಿಗೆ ಆರಂಭದಲ್ಲಿ ನೆರವಾದವರು ಇಟಲಿಯಿಂದ ಬಂದ ಕಾರ್ಮೆಲ್ ಸಭೆಯ ಗುರು, ಸಂತ ಜೋಸೆಫರ ಮತ್ತಾಯ ಎಂಬವರು. ಡಚ್ಚರು ಪ್ರೊಟೆಸ್ಟೆಂಟರು, ಕಥೋಲಿಕ ಗುರುಗಳ ಬಗ್ಗೆ ಅವರಿಗೆ ವಿಶ್ವಾಸವಿರಲಿಲ್ಲ. ಆದರೂ ಗಿಡಗಳ ವಿಷಯದಲ್ಲಿ ಇಬ್ಬರೂ ಒಟ್ಟಿಗೆ ಕುಳಿತರು. ಗ್ರಂಥದ ಜೀವಾಳವಾದ ತಿಳಿವಳಿಕೆ ಬಂದದ್ದು ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್ ಎಂಬವರಿಂದ. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಸೇರಿಕೊಂಡರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ 12 ಸಂಪುಟಗಳಾಗಿ ಹೊರಬಂದ ಆ ಗ್ರಂಥವೇ ‘ಹೋರ್ತುಸ್ ಮಲಬಾರಿಕುಸ್’, ‘ಮಲಬಾರಿನ ತೋಟ’. ಆ ವೈದ್ಯರ ಹೇಳಿಕೆಗಳು ಅವರವರ ಭಾಷೆ, ಲಿಪಿಗಳಲ್ಲೇ ಅದರಲ್ಲಿ ಅಚ್ಚಾಗಿವೆ. ಅವುಗಳಲ್ಲಿ ಕೊಂಕಣಿಯೂ ಒಂದೆಂಬುದು ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ಸಂತೋಷದ ಸಂಗತಿ. ರೋಗಿಯ ಹಾಸಿಗೆಯ ಬಳಿ ಜಾತಿ ಮತಗಳ ಗೋಡೆ ಕುಸಿಯುವಂತೆ, ಮದ್ದಿನ ಗಿಡದ ಬಳಿಯೂ ಅದು ಕುಸಿಯಿತು.

ಇನ್ನು ನಮ್ಮ ಮನೆಗೆ ಬರೋಣ. ಒಂದು ಚಿಕ್ಕ ಅಂಗಳ, ಅದೂ ಇಲ್ಲದಿದ್ದರೆ ಬಿಸಿಲು ಬೀಳುವ ಕಿಟಕಿಯಂಚು ಸಾಕು. ಪುದೀನದ ಕಡ್ಡಿಯನ್ನು ತೇವದ ಮಣ್ಣಿನಲ್ಲಿ ಊರಿದರೆ ಬೇರು ಬಿಡುತ್ತದೆ. ಅದು ಹರಡಿ ಇತರ ಗಿಡಗಳನ್ನು ನುಂಗುವುದರಿಂದ ಪ್ರತ್ಯೇಕ ಕುಂಡ ಲೇಸು. ಮಜ್ಜಿಗೆ ಹುಲ್ಲಿನ ಒಂದು ಬುಡ ವರ್ಷದಲ್ಲಿ ದೊಡ್ಡ ಮೆದೆಯಾಗುತ್ತದೆ. ತುಳಸಿಗೆ ಬಿಸಿಲು ಬೇಕು. ಹೂ ಬಿಡುವ ಮುನ್ನ, ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಕೊಯ್ಯಿರಿ. ಚಿಕ್ಕ ಕಟ್ಟುಗಳನ್ನಾಗಿ ಮಾಡಿ ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ, ಅಥವಾ ಶುಭ್ರವಾದ ಬಟ್ಟೆಯ ಮೇಲೆ ಹರವಿ. ಮಜ್ಜಿಗೆ ಹುಲ್ಲನ್ನು ಕತ್ತರಿಸಿ ಒಣಗಿಸಬಹುದು. ದೊಡ್ಡಪತ್ರೆಯ ಎಲೆ ದಪ್ಪ, ನೀರು ಹೆಚ್ಚು. ಅದನ್ನು ಹಸಿಯಾಗಿಯೇ ಬಳಸುವುದು ಒಳ್ಳೆಯದು. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ತೇವಕ್ಕೆ ಎಲೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಯುರೋಪಿನ ಸನ್ಯಾಸಿಗೆ ಬೇಸಿಗೆ ಹೇಗೋ ನಮಗೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳು ಹಾಗೆ. ನಮ್ಮಲ್ಲಿ ನೆಗಡಿ, ಜ್ವರದ ಕಾಲವಾದ ಆಷಾಢ, ಶ್ರಾವಣಕ್ಕಾಗಿ ಆಗಲೇ ಸಿದ್ಧವಾಗಬೇಕು.

ಎಲೆಯನ್ನು ಬೆರಳಲ್ಲಿ ಹಿಸುಕಿದಾಗ ಪುಡಿಯಾದರೆ, ಕಡ್ಡಿ ಬಾಗದೆ ಮುರಿದರೆ ಒಣಗಿದೆಯೆಂದು ತಿಳಿಯಬೇಕು. ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಗಿಡದ ಹೆಸರು, ತಿಂಗಳು, ವರ್ಷವನ್ನು ಬರೆದು ಕತ್ತಲೆಯಲ್ಲಿಡಿ. ವರ್ಷದೊಳಗೆ ಬಳಸಿ ಮುಗಿಸಿ. ಕುಡಿಯುವಾಗ ಜೀರಿಗೆ, ಕೊತ್ತಂಬರಿ, ಶುಂಠಿಯಂಥ ಗಟ್ಟಿ ಪದಾರ್ಥಗಳನ್ನು ಕುದಿಸಬೇಕು. ಎಳೆಯ ಎಲೆಗಳನ್ನು ಕುದಿಸದೆ, ಕುದಿದ ನೀರನ್ನು ಅವುಗಳ ಮೇಲೆ ಸುರಿದು ಐದು ನಿಮಿಷ ಮುಚ್ಚಿಡಬೇಕು. ಮುಚ್ಚದಿದ್ದರೆ ಪರಿಮಳದ ತೈಲ ಆವಿಯೊಡನೆ ಹಾರಿಹೋಗುತ್ತದೆ. ಇದು ಗಂಟಲಿಗೆ ಹಿತ, ಮನಸ್ಸಿಗೆ ಸಮಾಧಾನ. ಎಲ್ಲ ರೋಗಕ್ಕೂ ಪರಿಹಾರವಲ್ಲ. 2020ರ ಕೊರೋನಾ ಕಾಲದಲ್ಲಿ ಮನೆಮನೆಗೂ ಕಷಾಯ ಮರಳಿತು. ಅದರಿಂದ ಅನೇಕರಿಗೆ ಹಿತವೆನಿಸಿತು. ಆದರೆ ಅದನ್ನೇ ನಂಬಿ ಆಸ್ಪತ್ರೆಗೆ ಹೋಗಲು ತಡಮಾಡುವುದು ಅಪಾಯಕರ. ಗರ್ಭಿಣಿಯರು, ಪುಟ್ಟ ಮಕ್ಕಳು, ನಿತ್ಯ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಸಿರಾಖನು ಮದ್ದನ್ನು ಗೌರವಿಸಿದ ಅಧ್ಯಾಯದಲ್ಲೇ ವೈದ್ಯನನ್ನೂ ಗೌರವಿಸಿದ್ದಾನೆ.

ಕೊನೆಯದಾಗಿ ಒಂದು ವಿನಂತಿ. ಅಂಗಡಿಯ ಡಬ್ಬಿಯ ಮೇಲಿನ ಮಾತುಗಳೆಲ್ಲ ಕೊಳ್ಳುವವನ ಆರೋಗ್ಯ, ಅವನ ಮೈಕಟ್ಟು, ಅವನ ನೆಮ್ಮದಿಯ ಕುರಿತಾಗಿರುತ್ತವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮಠದ ತೋಟ ಕಲಿಸುವ ಪಾಠಕ್ಕೆ ಇನ್ನೊಂದು ಬಾಟಲಿ ಬೇಕು. ನಿಮ್ಮ ಮನೆಯಲ್ಲಿ ಒಣಗಿಸಿದ್ದರಲ್ಲಿ ಒಂದು ಪಾಲನ್ನು ಬೇರೆಯಾಗಿ ತೆಗೆದಿಡಿ. ಪುದೀನದಲ್ಲೂ ಜೀರಿಗೆಯಲ್ಲೂ ಹತ್ತರಲ್ಲೊಂದನ್ನು ಎಣಿಸಿದ ಫರಿಸಾಯರ ಲೆಕ್ಕ ಇಲ್ಲಿ ಸಾರ್ಥಕವಾಗಲಿ. ನಿಮ್ಮ ಧರ್ಮಕೇಂದ್ರದಲ್ಲಿ ಮಕ್ಕಳೆಲ್ಲ ದೂರದ ಊರು, ದೇಶಗಳಲ್ಲಿದ್ದು ಒಬ್ಬರೇ ಇರುವ ವೃದ್ಧರಿದ್ದಾರೆ. ಭಾನುವಾರದ ಬಲಿಪೂಜೆಗೆ ಕೆಲವು ವಾರಗಳಿಂದ ಕಾಣಿಸದವರಿದ್ದಾರೆ. ಮಳೆಗಾಲದ ಒಂದು ಸಂಜೆ ಆ ಬಾಟಲಿಯನ್ನು ಹಿಡಿದು ಅವರ ಬಾಗಿಲು ತಟ್ಟಿ. ನೀರು ಕಾಯಿಸಿ, ಎಲೆ ಹಾಕಿ, ಮುಚ್ಚಿಡಿ. ಐದು ನಿಮಿಷ ಕಾಯಬೇಕಷ್ಟೆ. ಆ ಐದು ನಿಮಿಷ ಅವರೊಡನೆ ಕುಳಿತು ಮಾತನಾಡುವವರಿಗಾಗಿ ಅವರು ಎಷ್ಟು ದಿನಗಳಿಂದ ಕಾಯುತ್ತಿರುವರೋ ಯಾರು ಬಲ್ಲರು?